ಒರತೆಯಿಂದ ಉಪಖನಿಜಕ್ಕೆ: ಬಯಲುಸೀಮೆಯ ಮರಳು ಹೊಳೆಗಳು ಮತ್ತು ಗ್ರಾಮಜೀವನ

‘ಮರಳುಗಾರಿಕೆ’ ಎಂಬುದು ಕನ್ನಡದಲ್ಲಿ ಇತ್ತೀಚಿನ ದಶಕಗಳಲ್ಲಿ ಬೇರೂರಿದ ಪದ. ‘ಗಣಿಗಾರಿಕೆ’ಯ ಮಾದರಿಯಲ್ಲಿ ರೂಪುಗೊಂಡ ಈ ಪದವು ಇಂದು ದಿನಪತ್ರಿಕೆಗಳಲ್ಲಿಯೂ ಸರ್ಕಾರಿ ಆದೇಶಗಳಲ್ಲಿಯೂ ಸಹಜವೆಂಬಂತೆ ಬಳಕೆಯಾಗುತ್ತಿದೆ. ‘-ಗಾರಿಕೆ’ ಎಂಬ ಅಂತ್ಯವು ಸಾಮಾನ್ಯವಾಗಿ ಒಂದು ಕಸುಬನ್ನು ಸೂಚಿಸುತ್ತದೆ. ‘ಮೀನುಗಾರಿಕೆ’ ಇದಕ್ಕೆ ಒಳ್ಳೆಯ ನಿದರ್ಶನ. ಹೊಳೆಯ ಒಡಲಿನಿಂದ ಮರಳನ್ನು ಎತ್ತಿ ಸಾಗಿಸುವ ಕ್ರಿಯೆಯೂ ಈ ಪದದ ಮೂಲಕ ಕಸುಬುಗಳ ಸಾಲಿಗೆ ಸೇರಿಕೊಂಡಿದೆ. ಇದೇ ಕ್ರಿಯೆಯನ್ನು ವಿರೋಧಿಸುವವರು ‘ಮರಳು ದಂಧೆ’, ‘ಮರಳು ಲೂಟಿ’ ಎಂಬ ಪದಗಳನ್ನು ಬಳಸುತ್ತಾರೆ. ಈ ಎರಡೂ ಬಗೆಯ ಪದಗಳಲ್ಲಿ ಸಮಾನವಾದ ಒಂದು ಗ್ರಹಿಕೆಯಿದೆ: ಮರಳೆಂದರೆ ಮಾರಾಟಕ್ಕೆ ಒದಗುವ ಸರಕು. ಅದನ್ನು ಪರವಾನಗಿಯಿಂದ ಒಯ್ದರೆ ಉದ್ಯಮ, ಪರವಾನಗಿಯಿಲ್ಲದೆ ಒಯ್ದರೆ ಕಳವು.

ಆದರೆ ಮಳೆ ಕಡಿಮೆ ಬೀಳುವ ಬಯಲುಸೀಮೆಯ ಹಳ್ಳಿಗಳಲ್ಲಿ ಮರಳಿಗೆ ಸಂಬಂಧಿಸಿದ ಇನ್ನೊಂದು ಪದಸಮೂಹವಿದೆ. ಒರತೆ, ಚಿಲುಮೆ, ತಲಪರಿಗೆ ಮುಂತಾದ ಈ ಪದಗಳು ಮರಳನ್ನು ನೀರಿನ ನೆಲೆಯಾಗಿ ಕಾಣುತ್ತವೆ. ಈ ಪದಗಳು ಸೂಚಿಸುವ ಗ್ರಾಮೀಣ ತಿಳಿವಳಿಕೆಗೂ ಮರಳನ್ನು ‘ಉಪಖನಿಜ’ವೆಂದು ವರ್ಗೀಕರಿಸುವ ಆಡಳಿತದ ತಿಳಿವಳಿಕೆಗೂ ಇರುವ ಅಂತರವನ್ನು ಗುರುತಿಸುವುದು, ಆ ಅಂತರದಿಂದ ಗ್ರಾಮಜೀವನಕ್ಕೆ ಆಗಿರುವ ನಷ್ಟದ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉತ್ತರ ಪಿನಾಕಿನಿ ಮತ್ತು ಅದರ ಉಪನದಿಯಾದ ಜಯಮಂಗಲಿಯ ಪ್ರದೇಶವನ್ನು ಮುಖ್ಯ ನಿದರ್ಶನವಾಗಿ ಇಲ್ಲಿ ಇಟ್ಟುಕೊಳ್ಳಲಾಗಿದೆ.

1. ಪದಗಳ ಸಾಕ್ಷ್ಯ

ಮರಳಿಗೆ ಕನ್ನಡದಲ್ಲಿ ಪ್ರಾದೇಶಿಕವಾಗಿ ಬೇರೆ ಬೇರೆ ಹೆಸರುಗಳಿವೆ. ಉತ್ತರ ಕರ್ನಾಟಕದಲ್ಲಿ ‘ಉಸುಕು’ ಎಂಬುದು ರೂಢಿ. ಕರಾವಳಿಯಲ್ಲಿ ‘ಹೊಯಿಗೆ’ ಎನ್ನುತ್ತಾರೆ. ಮಂಗಳೂರಿನ ಹೊಯಿಗೆ ಬಜಾರ್ ಎಂಬ ಸ್ಥಳನಾಮದಲ್ಲಿ ಈ ಪದ ಉಳಿದುಕೊಂಡಿದೆ. ‘ಮರಳು’ ಎಂಬ ರೂಪಕ್ಕೆ ಹಿಂದಿನ ಭಾಷೆಯಲ್ಲಿ ‘ಮಳಲ್’ ಎಂಬ ರೂಪವಿದ್ದು, ತಮಿಳಿನ ‘ಮಣಲ್’ ಇದರ ಜ್ಞಾತಿಪದವಾಗಿದೆ. ಆದ್ದರಿಂದ ಹಿಂತಿರುಗು ಎಂಬರ್ಥದ ‘ಮರಳು’ ಕ್ರಿಯಾಪದಕ್ಕೂ ಈ ನಾಮಪದಕ್ಕೂ ನಿಷ್ಪತ್ತಿಯ ಸಂಬಂಧವಿಲ್ಲ. ಈಗಿನ ಧ್ವನಿಸಾಮ್ಯ ಆಕಸ್ಮಿಕವಾದುದು.

ಮರಳಿನೊಡನೆ ನೀರಿನ ಸಂಬಂಧವನ್ನು ಹೇಳುವ ಪದಗಳು ಇನ್ನೂ ಮುಖ್ಯವಾದುವು. ‘ಒರತೆ’ ಎಂದರೆ ನೆಲದೊಳಗಿನಿಂದ ಜಿನುಗಿ ಬರುವ ನೀರು, ಹಾಗೂ ಅಂಥ ನೀರು ದೊರೆಯುವ ಗುಂಡಿ. ಇದು ‘ವರತೆ’, ‘ವರ್ತೆ’ ಎಂಬ ರೂಪಗಳಲ್ಲಿಯೂ ಕೇಳಿಬರುತ್ತದೆ. ‘ಚಿಲುಮೆ’ ಎಂಬ ಪದಕ್ಕೆ ಬುಗ್ಗೆ ಎಂಬ ಅರ್ಥವಿರುವಂತೆಯೇ ಬತ್ತಿದ ಹೊಳೆಯ ಮರಳಿನಲ್ಲಿ ನೀರಿಗಾಗಿ ತೋಡಿದ ಗುಂಡಿ ಎಂಬ ಅರ್ಥವೂ ಇದೆ. ತೆಲುಗಿನ ‘ಚೆಲಮ’ ಇದೇ ಅರ್ಥದ ಪದ. ತುಮಕೂರಿನ ಸಮೀಪದ ದೇವರಾಯನದುರ್ಗದ ತಪ್ಪಲಿನಲ್ಲಿರುವ ನಾಮದ ಚಿಲುಮೆಯ ಹೆಸರಿನಲ್ಲಿ ಮೊದಲನೆಯ ಅರ್ಥ ಉಳಿದಿದೆ. ‘ತಲಪರಿಗೆ’ ಎಂಬುದು ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ ತಾಲ್ಲೂಕುಗಳ ಕಡೆ ಬಳಕೆಯಲ್ಲಿರುವ ಪದ. ಬೆಟ್ಟದ ತಪ್ಪಲು, ಕೆರೆಯಂಗಳ, ಹಳ್ಳದ ಪಾತ್ರ ಮುಂತಾದ ಕಡೆ ಅಲ್ಪ ಆಳದಲ್ಲಿಯೇ ಜಿನುಗುವ ನೀರನ್ನು ಗುಂಡಿಯಲ್ಲಿ ಹಿಡಿದು, ಕಿರುಗಾಲುವೆಯ ಮೂಲಕ ಹೊಲಕ್ಕೆ ಹಾಯಿಸುವ ವ್ಯವಸ್ಥೆಯನ್ನು ಈ ಹೆಸರಿನಿಂದ ಕರೆಯುತ್ತಾರೆ. ಇದರ ಹೂಳು ತೆಗೆಯುವುದು, ಸರದಿಯ ಪ್ರಕಾರ ನೀರು ಹಂಚಿಕೊಳ್ಳುವುದು ಬಳಕೆದಾರರೆಲ್ಲರ ಸಮಾನ ಹೊಣೆಯಾಗಿತ್ತು.

ಒರತೆ ತೋಡುವ ಕ್ರಮ ಸರಳವಾದುದು. ಹೊಳೆ ಹರಿಯುವುದು ನಿಂತ ಮೇಲೆ ಹೆಂಗಸರು ಮರಳಿನಲ್ಲಿ ಕೈಯಿಂದಲೋ ತೆಂಗಿನ ಚಿಪ್ಪಿನಿಂದಲೋ ಗುಂಡಿ ತೋಡುತ್ತಿದ್ದರು. ಮೊದಲು ಬಂದ ಕದಡಿದ ನೀರನ್ನು ಮೊಗೆದು ಚೆಲ್ಲಿ, ತಿಳಿ ನೀರು ಊರುವವರೆಗೆ ಕಾದು, ಅದನ್ನು ಚಿಪ್ಪಿನಿಂದ ಎತ್ತಿ ಬಟ್ಟೆಯಲ್ಲಿ ಸೋಸಿ ಕೊಡ ತುಂಬಿಸುತ್ತಿದ್ದರು. ಬೇಸಿಗೆ ಏರಿದಂತೆಲ್ಲ ಗುಂಡಿ ಆಳವಾಗುತ್ತ ಹೋಗುತ್ತಿತ್ತು. ಇದಕ್ಕೆ ಹಣ ಬೇಕಾಗಿರಲಿಲ್ಲ, ಯಂತ್ರ ಬೇಕಾಗಿರಲಿಲ್ಲ. ಹೊಳೆಯಲ್ಲಿ ನೀರು ಕಾಣದಿರುವುದಕ್ಕೂ ಹೊಳೆಯಲ್ಲಿ ನೀರಿಲ್ಲದಿರುವುದಕ್ಕೂ ವ್ಯತ್ಯಾಸವಿದೆ ಎಂಬ ತಿಳಿವಳಿಕೆಯೇ ಈ ಕ್ರಮಕ್ಕೆ ಆಧಾರವಾಗಿತ್ತು.

ಆಚರಣೆಗಳಲ್ಲಿಯೂ ಇದೇ ತಿಳಿವಳಿಕೆ ಕಾಣುತ್ತದೆ. ಗೌರಿ ಹಬ್ಬದಲ್ಲಿ ಮರಳಿನಿಂದ ರೂಪಿಸಿ ಪೂಜಿಸುವ ‘ಮಳಲಗೌರಿ’, ಹಬ್ಬ ಜಾತ್ರೆಗಳಲ್ಲಿ ಊರದೇವರನ್ನು ಹೊಳೆಗೆ ಕರೆದೊಯ್ದು ನಡೆಸುವ ಗಂಗೆಪೂಜೆ ಇವುಗಳಲ್ಲಿ ಮರಳು ಮತ್ತು ನೀರು ಒಟ್ಟಿಗೆ ಗೌರವ ಪಡೆಯುತ್ತವೆ.

2. ಪ್ರದೇಶ ಮತ್ತು ಅದರ ಜಲವ್ಯವಸ್ಥೆ

ನಂದಿಬೆಟ್ಟದ ಪ್ರದೇಶದಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರು ತಾಲ್ಲೂಕನ್ನು ಹಾದು ಆಂಧ್ರಪ್ರದೇಶದ ಹಿಂದೂಪುರ ಪ್ರದೇಶವನ್ನು ಪ್ರವೇಶಿಸುತ್ತದೆ. ಮುಂದೆ ಪಾವಗಡ ತಾಲ್ಲೂಕಿನಲ್ಲಿ ಮತ್ತೆ ಕರ್ನಾಟಕವನ್ನು ಮುಟ್ಟಿ ಪುನಃ ಆಂಧ್ರಕ್ಕೆ ಸಾಗುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿ ತಾಲ್ಲೂಕುಗಳ ಮೂಲಕ ಉತ್ತರಾಭಿಮುಖವಾಗಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇವು ವರ್ಷದುದ್ದಕ್ಕೂ ಹರಿಯುವ ನದಿಗಳಲ್ಲ. ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಕೆಲವು ದಿನ ಅಥವಾ ಕೆಲವು ವಾರ ಮಾತ್ರ ತುಂಬಿ ಹರಿದು, ಉಳಿದ ಕಾಲ ಮರಳಿನ ಹಾಸಾಗಿ ಮಲಗಿರುವ ಹೊಳೆಗಳು.

ಈ ಪ್ರದೇಶದ ನೆಲದಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಬಂಡೆ. ಇಂಥ ಬಂಡೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮತ್ತು ಮೇಲ್ಪದರದ ಶಿಥಿಲ ಭಾಗದಲ್ಲಿ ಮಾತ್ರ. ಆದ್ದರಿಂದ ಹೊಳೆಯ ಪಾತ್ರದಲ್ಲಿ ಶೇಖರವಾದ ಮರಳಿನ ಪದರವು ಇಲ್ಲಿ ಅಸಾಮಾನ್ಯ ಮಹತ್ವವನ್ನು ಪಡೆಯುತ್ತದೆ. ಪ್ರವಾಹದ ನೀರನ್ನು ತಡೆದು ಹೀರಿಕೊಳ್ಳುವುದು, ಅದನ್ನು ಬಿಸಿಲಿನಿಂದ ಕಾಪಾಡುವುದು, ಸೋಸುವುದು, ದಡದ ಬಾವಿಗಳಿಗೆ ನಿಧಾನವಾಗಿ ಬಿಡುವುದು ಈ ನಾಲ್ಕು ಕೆಲಸಗಳನ್ನೂ ಅದು ಏಕಕಾಲದಲ್ಲಿ ಮಾಡುತ್ತದೆ. ಕೆರೆಯ ತೆರೆದ ನೀರು ಬೇಸಿಗೆಯಲ್ಲಿ ಬೇಗ ಆವಿಯಾಗುತ್ತದೆ. ಮರಳಿನ ಮೇಲ್ಮೈಯಿಂದ ಎರಡು ಮೂರು ಅಡಿ ಕೆಳಗಿಳಿದ ನೀರು ಆವಿಯಾಗುವ ಪ್ರಮಾಣ ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ.

ಈ ಮರಳು ಒಂದೆರಡು ವರ್ಷಗಳಲ್ಲಿ ಬಂದು ಸೇರಿದ್ದಲ್ಲ. ಮೇಲಣ ಬೆಟ್ಟಗಳ ಬಂಡೆ ಬಿಸಿಲು ಮಳೆಗಳಿಗೆ ಸವೆದು, ಪುಡಿಯಾಗಿ, ಪ್ರವಾಹದಲ್ಲಿ ಉರುಳಿ ಬಂದು ನೆಲೆಸಲು ದೀರ್ಘಕಾಲ ಬೇಕು. ಅಲ್ಲದೆ ಈ ಭಾಗದ ಹಳ್ಳಗಳ ಮೇಲೆ ಸಾಲುಸಾಲಾಗಿ ಕೆರೆಗಳಿದ್ದು, ಹೊಸದಾಗಿ ಬರುವ ಮರಳಿನ ಬಹುಪಾಲು ಅಲ್ಲಿಯೇ ತಂಗುತ್ತದೆ. ಹೀಗಾಗಿ ತುಂಬಿ ಹರಿಯುವ ದೊಡ್ಡ ನದಿಗಳಲ್ಲಿ ಮರಳು ವರ್ಷವರ್ಷವೂ ಬಂದು ಸೇರುವ ಪ್ರಮಾಣಕ್ಕೂ ಬಯಲುಸೀಮೆಯ ಹೊಳೆಗಳಲ್ಲಿ ಅದು ಸೇರುವ ಪ್ರಮಾಣಕ್ಕೂ ಹೋಲಿಕೆಯಿಲ್ಲ. ಇಲ್ಲಿ ತೆಗೆದದ್ದು ಬಹುಮಟ್ಟಿಗೆ ಹಿಂದಿನವರ ಕಾಲದಿಂದ ಕೂಡಿಬಂದ ಮೂಲಧನವೇ ಹೊರತು ಅದರ ಬಡ್ಡಿಯಲ್ಲ.

3. ಮರಳಿನೊಳಗಿನ ನೀರಿನ ಲೆಕ್ಕ

ಮರಳಿನ ಬೆಲೆಯನ್ನು ಟನ್ನುಗಳಲ್ಲಿ ಹೇಳುವುದು ರೂಢಿಯಾಗಿರುವುದರಿಂದ ಅದರೊಳಗಿನ ನೀರನ್ನೂ ಅಂಕಿಗಳಲ್ಲಿ ಕಾಣುವುದು ಉಪಯುಕ್ತ. ಕೇವಲ ಉದಾಹರಣೆಗಾಗಿ ಒಂದು ಕಿಲೋಮೀಟರ್ ಉದ್ದ, 50 ಮೀಟರ್ ಅಗಲ, 2 ಮೀಟರ್ ಆಳದ ಮರಳಿನ ಹಾಸನ್ನು ಊಹಿಸಿಕೊಳ್ಳೋಣ. ಇದರ ಒಟ್ಟು ಗಾತ್ರ ಒಂದು ಲಕ್ಷ ಘನಮೀಟರ್. ದಪ್ಪ ಕಣದ ಮರಳು ಪೂರ್ತಿ ತೊಯ್ದಾಗ ತನ್ನ ಗಾತ್ರದ ಸುಮಾರು ಕಾಲು ಭಾಗದಷ್ಟು ನೀರನ್ನು ಬಿಟ್ಟುಕೊಡಬಲ್ಲುದೆಂದು ಇಟ್ಟುಕೊಂಡರೆ, ಈ ಹಾಸಿನಲ್ಲಿ 25,000 ಘನಮೀಟರ್, ಅಂದರೆ ಎರಡೂವರೆ ಕೋಟಿ ಲೀಟರ್ ನೀರು ನಿಲ್ಲುತ್ತದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಯೋಜನೆಯು ಗ್ರಾಮೀಣ ಜನರಿಗೆ ತಲಾ ದಿನಕ್ಕೆ 55 ಲೀಟರ್ ನೀರನ್ನು ಗುರಿಯಾಗಿ ಇಟ್ಟುಕೊಂಡಿದೆ. ಆ ಮಾನದಂಡದಂತೆ ಒಂದು ಸಾವಿರ ಜನರಿರುವ ಊರಿಗೆ ದಿನಕ್ಕೆ 55,000 ಲೀಟರ್ ಬೇಕು. ಮೇಲೆ ಹೇಳಿದ ಮರಳಿನ ಹಾಸು ಒಮ್ಮೆ ತುಂಬಿದರೆ ಆ ಊರಿನ ಸುಮಾರು 450 ದಿನಗಳ ಅಗತ್ಯಕ್ಕೆ ಸಮನಾದ ನೀರನ್ನು ಹಿಡಿದಿಡಬಲ್ಲುದು.

ಇದೇ ಮರಳನ್ನು ಸರಕಾಗಿ ಲೆಕ್ಕ ಹಾಕಿದರೆ, ಘನಮೀಟರಿಗೆ ಸುಮಾರು 1.6 ಟನ್ನಿನಂತೆ ಅದು 1,60,000 ಟನ್ ಆಗುತ್ತದೆ. 10 ಟನ್ ಹೊರುವ ಲಾರಿಗಳಲ್ಲಿ 16,000 ಲೋಡು. ಆ ಹಣ ಒಮ್ಮೆ ಮಾತ್ರ ಬರುತ್ತದೆ. ನೀರಾದರೋ ಹೊಳೆ ಹರಿದ ಪ್ರತಿ ಸಲವೂ ಅದೇ ಮರಳಿನಲ್ಲಿ ಹೊಸದಾಗಿ ಬಂದು ನಿಲ್ಲುತ್ತದೆ. ನಿಜವಾದ ಹೊಳೆಯಲ್ಲಿ ಮರಳಿನ ಆಳ, ಕಣಗಳ ಗಾತ್ರ, ಸೋರಿಕೆ ಇವುಗಳಿಗನುಗುಣವಾಗಿ ಈ ಅಂಕಿಗಳು ಬದಲಾಗುತ್ತವೆ. ಆದರೂ ಯಾವ ಲೆಕ್ಕ ಸರ್ಕಾರಿ ಪುಸ್ತಕದಲ್ಲಿ ಬರೆಯಲ್ಪಡುತ್ತದೆ, ಯಾವುದು ಬರೆಯಲ್ಪಡುವುದಿಲ್ಲ ಎಂಬುದನ್ನು ತೋರಿಸಲು ಇಷ್ಟು ಸಾಕು.

4. ಮರಳು ಹೋದ ಮೇಲೆ

ಮರಳನ್ನು ಅತಿಯಾಗಿ ತೆಗೆದ ಹೊಳೆಯಲ್ಲಿ ಕಾಣುವ ಮೊದಲ ಬದಲಾವಣೆ ತಳದ ಕುಸಿತ. ಹೊಳೆಯ ತಳವು ಅಕ್ಕಪಕ್ಕದ ಜಮೀನಿನ ಅಂತರ್ಜಲಮಟ್ಟಕ್ಕಿಂತ ಕೆಳಗಿಳಿದಾಗ, ಹೊಳೆಯಿಂದ ಬಾವಿಗೆ ಸಾಗುತ್ತಿದ್ದ ನೀರು ಬಾವಿಯ ಕಡೆಯಿಂದ ಹೊಳೆಯ ಕಡೆಗೆ ಬಸಿಯತೊಡಗುತ್ತದೆ. ದಡದ ತೆರೆದ ಬಾವಿಗಳು ಬೇಗ ಬತ್ತುವುದಕ್ಕೆ ಇದೊಂದು ಕಾರಣ. ಎರಡನೆಯದಾಗಿ, ಮರಳು ಮುಗಿದು ಜೇಡಿಯೋ ಬಂಡೆಯೋ ತೆರೆದುಕೊಂಡ ಜಾಗದಲ್ಲಿ ಪ್ರವಾಹದ ನೀರು ಇಂಗದೆ ಓಡಿಹೋಗುತ್ತದೆ. ಮೂರನೆಯದಾಗಿ, ತಳ ಆಳವಾದಂತೆ ದಡ ಕಡಿದಾಗಿ ಕುಸಿಯುತ್ತದೆ. ದಡದ ಹೊಂಗೆ, ನೇರಳೆ, ಹೊಳೆಮತ್ತಿಯ ಮರಗಳೂ ತೆಂಗಿನ ತೋಟಗಳೂ ಬೇರು ಕಳಚಿ ಬೀಳುತ್ತವೆ. ಖಾಲಿಯಾದ ಪಾತ್ರದಲ್ಲಿ ಬಳ್ಳಾರಿ ಜಾಲಿ ಹಬ್ಬುತ್ತದೆ.

ನಷ್ಟ ನೀರಿಗೆ ಮಾತ್ರ ಸೀಮಿತವಲ್ಲ. ಬೇಸಿಗೆಯಲ್ಲಿ ಮರಳಿನ ಹಾಸಿನ ಮೇಲೆ ಕಲ್ಲಂಗಡಿ, ಕರಬೂಜ, ಸೌತೆ ಬೆಳೆಯುತ್ತಿದ್ದ ಭೂರಹಿತರು, ಹೊಳೆಯನ್ನು ನಂಬಿ ಬಟ್ಟೆ ಒಗೆಯುತ್ತಿದ್ದ ಮಡಿವಾಳರು, ದನಕುರಿಗಳಿಗೆ ಗುಂಡಿ ತೋಡಿ ನೀರು ಕುಡಿಸುತ್ತಿದ್ದ ಪಶುಪಾಲಕರು, ಇವರ ಬಳಕೆಯ ಹಕ್ಕುಗಳು ಯಾವ ದಾಖಲೆಯಲ್ಲಿಯೂ ಬರೆದವಲ್ಲ. ಆದ್ದರಿಂದ ಅವು ಹೋದದ್ದೂ ದಾಖಲಾಗುವುದಿಲ್ಲ.

ಒರತೆ ಬತ್ತಿದ ಊರು ಕೊಳವೆಬಾವಿಯನ್ನು ಅವಲಂಬಿಸುತ್ತದೆ. ಈ ಭಾಗದಲ್ಲಿ ಸಾವಿರ ಅಡಿ ಮೀರಿದ ಕೊಳವೆಬಾವಿಗಳು ಈಗ ಅಪರೂಪವಲ್ಲ. ಗಟ್ಟಿ ಬಂಡೆಯ ಆಳದ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವ ಸಂಭವವಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಮಾನದಂಡ. ಪಾವಗಡ ತಾಲ್ಲೂಕು ಹಲ್ಲು ಮತ್ತು ಮೂಳೆಗಳನ್ನು ಬಾಧಿಸುವ ಫ್ಲೋರೈಡ್ ಸಮಸ್ಯೆಗಾಗಿ ರಾಜ್ಯದಲ್ಲಿಯೇ ಹೆಸರಾದುದು. ಅಂತರ್ಜಲದ ಕುಸಿತಕ್ಕೆ ಮರಳು ತೆಗೆದುದೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ನೀರಾವರಿಗಾಗಿ ಮಿತಿಮೀರಿ ಕೊರೆದ ಕೊಳವೆಬಾವಿಗಳ, ಹೂಳು ತುಂಬಿದ ಕೆರೆಗಳ ಪಾಲೂ ಇದರಲ್ಲಿ ದೊಡ್ಡದು. ಆದರೆ ಮೇಲ್ಪದರದ ಸಿಹಿನೀರನ್ನು ಹಿಡಿದಿಡುತ್ತಿದ್ದ ಒಂದು ಪಾತ್ರೆಯನ್ನೇ ಹೊಳೆಯಿಂದ ಹೊತ್ತೊಯ್ದುದು ಜನರನ್ನು ಆಳದ ನೀರಿಗೆ ದೂಡಿದ ಕಾರಣಗಳಲ್ಲಿ ಒಂದೆಂಬುದರಲ್ಲಿ ಸಂಶಯವಿಲ್ಲ. ಇಂದು ಈ ಭಾಗದ ಹಳ್ಳಿಗಳಲ್ಲಿ ಜನ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಂತು, ನಾಣ್ಯ ಹಾಕಿ 20 ಲೀಟರ್ ನೀರು ಒಯ್ಯುತ್ತಾರೆ. ಮರಳು ಹಣ ಪಡೆಯದೆ ಮಾಡುತ್ತಿದ್ದ ಸೋಸುವ ಕೆಲಸವನ್ನು ಈಗ ವಿದ್ಯುತ್ತು ಮತ್ತು ಯಂತ್ರ ಮಾಡಬೇಕಾಗಿದೆ.

ಮರಳು ತೆಗೆದಲ್ಲಿ ಉಳಿಯುವ ಆಳದ ಹೊಂಡಗಳು ಇನ್ನೊಂದು ಅಪಾಯ. ಈ ಸಂದರ್ಭದಲ್ಲಿ ತಲಕಾಡಿನ ಐತಿಹ್ಯವನ್ನು ನೆನೆಯಬಹುದು. ರಾಜ ಒಡೆಯರ ಕಾಲಕ್ಕೆ ಸಂಬಂಧಿಸಿದ ಆ ಐತಿಹ್ಯದಲ್ಲಿ ಅಲಮೇಲಮ್ಮನು ತಲಕಾಡು ಮರಳಿನಲ್ಲಿ ಮುಚ್ಚಿಹೋಗಲೆಂದೂ ಮಾಲಂಗಿ ಮಡುವಾಗಲೆಂದೂ ಶಪಿಸುತ್ತಾಳೆ. ಒಂದೆಡೆ ಮರಳು ಮಿತಿಮೀರುವುದು, ಇನ್ನೊಂದೆಡೆ ತಳವಿಲ್ಲದಂತೆ ಆಳವಾಗುವುದು, ಇವೆರಡನ್ನೂ ಜನಮನ ಹೊಳೆಯ ವಿಕೃತಿಯೆಂದೇ ಗ್ರಹಿಸಿತ್ತು. ಇಂದು ಮಳೆಗಾಲದಲ್ಲಿ ನೀರು ತುಂಬಿ, ಅಂಚು ಕಾಣದಂತಾಗುವ ಮರಳುಗುಂಡಿಗಳು ಮನುಷ್ಯನೇ ತೋಡಿದ ಮಡುಗಳು. ಈಜಲು ಇಳಿದ ಮಕ್ಕಳು, ದನಗಳನ್ನು ದಾಟಿಸುವವರು ಇಂಥ ಗುಂಡಿಗಳಲ್ಲಿ ಮುಳುಗಿದ ಸುದ್ದಿಗಳು ರಾಜ್ಯದ ಹಲವು ಭಾಗಗಳಿಂದ ಮತ್ತೆ ಮತ್ತೆ ಬರುತ್ತಿವೆ.

ಹೊಳೆಯ ಮರಳು ವಿರಳವಾದಾಗ ‘ಫಿಲ್ಟರ್ ಮರಳು’ ಎಂಬ ಹೊಸ ಬಗೆ ಹುಟ್ಟಿಕೊಂಡಿತು. ಬೆಂಗಳೂರಿನ ಸುತ್ತಲಿನ ಜಿಲ್ಲೆಗಳಲ್ಲಿ ಕೆರೆಯಂಗಳದ, ಹೊಲಗಳ ಮಣ್ಣನ್ನು ಅಗೆದು, ನೀರಿನಲ್ಲಿ ತೊಳೆದು, ಜೇಡಿಯನ್ನು ಹರಿಯಬಿಟ್ಟು ಉಳಿದ ಮರಳನ್ನು ಮಾರುವ ಕ್ರಮವಿದು. ಇದರಲ್ಲಿ ಫಲವತ್ತಾದ ಮಣ್ಣೂ ಕೊಳವೆಬಾವಿಯ ನೀರೂ ಒಟ್ಟಿಗೆ ನಾಶವಾಗುತ್ತವೆ. ತೊಳೆದ ಕೆಸರು ಕೆರೆಕಾಲುವೆಗಳನ್ನು ಕಟ್ಟುತ್ತದೆ. ಇದು ಕಾನೂನುಬಾಹಿರವಾಗಿದ್ದರೂ ಬೇಡಿಕೆಯ ಒತ್ತಡದಿಂದ ಹಲವು ಕಡೆ ನಡೆದುಬಂದಿದೆ.

5. ಊರಿನೊಳಗಿನ ಬಿರುಕು

ಮರಳು ತೆಗೆಯುವವರು ಹೊರಗಿನವರು, ಊರಿನವರೆಲ್ಲ ಅದನ್ನು ವಿರೋಧಿಸುವವರು ಎಂಬ ಸರಳ ಚಿತ್ರ ವಾಸ್ತವಕ್ಕೆ ದೂರವಾದುದು. ಮಳೆ ಕೈಕೊಟ್ಟ ವರ್ಷ ರಾತ್ರಿಯೆಲ್ಲ ಟ್ರ್ಯಾಕ್ಟರಿಗೆ ಮರಳು ತುಂಬುವ ಯುವಕನಿಗೆ ಅದೇ ಮನೆ ನಡೆಸುವ ಕೂಲಿ. ಹೊಳೆಗೆ ಹೋಗುವ ದಾರಿ ತನ್ನ ಹೊಲದಲ್ಲಿದ್ದ ರೈತನಿಗೆ ಲೋಡಿಗೆ ಇಷ್ಟೆಂದು ಸಿಗುವ ಹಣ ಬೆಳೆಗಿಂತ ಖಚಿತವಾದ ಆದಾಯ. ವಸತಿ ಯೋಜನೆಯಲ್ಲಿ ಮನೆ ಮಂಜೂರಾದ ಬಡವನಿಗೂ ಮರಳು ಬೇಕೇ ಬೇಕು. ಇವರಲ್ಲಿ ಯಾರನ್ನೂ ಖಳರೆಂದು ಗುರುತಿಸುವುದು ನ್ಯಾಯವಲ್ಲ.

ಆದರೆ ಲಾಭನಷ್ಟಗಳ ಹಂಚಿಕೆಯನ್ನು ಗಮನಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ತುಂಬುವವನ ಕೂಲಿ ಹೊಳೆಯಲ್ಲಿ ಮರಳಿರುವವರೆಗೆ ಮಾತ್ರ. ಗಳಿಕೆಯ ದೊಡ್ಡ ಪಾಲು ಸಾಗಣೆ ಮತ್ತು ಮಾರಾಟವನ್ನು ಹಿಡಿತದಲ್ಲಿಟ್ಟುಕೊಂಡವರಿಗೆ ಸಲ್ಲುತ್ತದೆ. ನಷ್ಟವು ಮೊದಲು ತಟ್ಟುವುದು ನೀರು ಹೊರುವ ಹೆಂಗಸರಿಗೆ, ಕೊಳವೆಬಾವಿ ಕೊರೆಸಲಾಗದ ಸಣ್ಣ ಹಿಡುವಳಿದಾರರಿಗೆ. ಭಾರದ ಲಾರಿಗಳಿಂದ ಊರಿನ ರಸ್ತೆ ಕಿತ್ತುಹೋಗುತ್ತದೆ. ಪ್ರಶ್ನಿಸಿದವರು ಒಂಟಿಯಾಗುತ್ತಾರೆ; ನೆಂಟರ, ನೆರೆಯವರ ನಡುವೆಯೇ ವೈರ ಬೆಳೆಯುತ್ತದೆ. ಆಡಳಿತದ ಅಧಿಕಾರವುಳ್ಳವರಿಗೂ ಈ ಬೆದರಿಕೆ ತಪ್ಪಿದ್ದಲ್ಲ. 2017ರ ಏಪ್ರಿಲಿನಲ್ಲಿ ಕುಂದಾಪುರ ತಾಲ್ಲೂಕಿನ ಕಂಡ್ಲೂರಿನಲ್ಲಿ ಅಕ್ರಮ ಮರಳು ತೆಗೆಯುವುದನ್ನು ತಡೆಯಲು ತೆರಳಿದ್ದ ಉಡುಪಿ ಜಿಲ್ಲಾಧಿಕಾರಿಯವರ ತಂಡದ ಮೇಲೆ ನಡೆದ ದಾಳಿ ರಾಜ್ಯದ ಗಮನ ಸೆಳೆಯಿತು. ಜಿಲ್ಲಾಧಿಕಾರಿಗೇ ಹೀಗಾದಲ್ಲಿ ಗ್ರಾಮಸಭೆಯಲ್ಲಿ ಎದ್ದು ನಿಲ್ಲಬೇಕಾದ ಸಾಮಾನ್ಯನ ಸ್ಥಿತಿಯನ್ನು ಊಹಿಸಬಹುದು.

6. ಕಾನೂನಿನ ಭಾಷೆ

ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1957 ಕಟ್ಟಡದ ಕಲ್ಲು, ಜಲ್ಲಿ, ಸಾಮಾನ್ಯ ಜೇಡಿಮಣ್ಣು ಇವುಗಳ ಜೊತೆಗೆ ‘ಸಾಮಾನ್ಯ ಮರಳ’ನ್ನೂ ಉಪಖನಿಜವೆಂದು ವರ್ಗೀಕರಿಸುತ್ತದೆ. ಅವುಗಳ ಬಗ್ಗೆ ನಿಯಮ ರೂಪಿಸುವ ಅಧಿಕಾರ ರಾಜ್ಯಗಳದು. ಅದರಂತೆ ಕರ್ನಾಟಕದಲ್ಲಿ 1994ರ ಉಪಖನಿಜ ರಿಯಾಯಿತಿ ನಿಯಮಗಳು ಜಾರಿಗೆ ಬಂದವು. ಈ ವರ್ಗೀಕರಣದಲ್ಲಿ ಬೆಟ್ಟದ ಕಲ್ಲಿಗೂ ಹೊಳೆಯ ಮರಳಿಗೂ ಸ್ವಭಾವದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಗುತ್ತಿಗೆ, ಬ್ಲಾಕು, ರಾಜಧನ, ಪರವಾನಗಿ ಎಂಬ ಪದಗಳೆಲ್ಲ ಮರಳಿನ ಪ್ರಮಾಣವನ್ನು ಅಳೆಯುತ್ತವೆ. ಅದರೊಡನೆ ಹೋಗುವ ನೀರನ್ನು ಅಳೆಯುವ ಪದ ಅಲ್ಲಿಲ್ಲ.

ನೆರೆಯ ರಾಜ್ಯಗಳು ಬೇರೆ ಪದಗಳನ್ನು ಆರಿಸಿಕೊಂಡದ್ದು ಗಮನಾರ್ಹ. ಕೇರಳವು 2001ರಲ್ಲಿ ನದೀತೀರ ಸಂರಕ್ಷಣೆ ಮತ್ತು ಮರಳು ತೆಗೆಯುವಿಕೆಯ ನಿಯಂತ್ರಣ ಕಾಯಿದೆಯನ್ನು ಮಾಡಿತು. ಆಂಧ್ರಪ್ರದೇಶವು 2002ರಲ್ಲಿ ನೀರು, ನೆಲ ಮತ್ತು ಮರಗಳ ಕಾಯಿದೆಯಲ್ಲಿ ಅಂತರ್ಜಲ ರಕ್ಷಣೆಯ ಭಾಗವಾಗಿ ಮರಳನ್ನು ಸೇರಿಸಿತು. ಹೀಗಾಗಿ ಒಂದೇ ಉತ್ತರ ಪಿನಾಕಿನಿಯ ಮರಳು ಗೌರಿಬಿದನೂರಿನಲ್ಲಿ ಪ್ರಧಾನವಾಗಿ ಖನಿಜ ನಿಯಮಗಳ ವಸ್ತುವಾದರೆ, ಹಿಂದೂಪುರದ ಬಳಿ ನೀರಿನ ಕಾಯಿದೆಯ ವಸ್ತುವೂ ಆಗುತ್ತದೆ. ಆ ರಾಜ್ಯಗಳಲ್ಲಿ ಅಕ್ರಮ ನಿಂತುಹೋಯಿತೆಂದು ಇದರ ಅರ್ಥವಲ್ಲ. ಮರಳನ್ನು ನೀರಿನ ಭಾಗವಾಗಿ ಹೆಸರಿಸುವ ಕಾನೂನು ಅಸಾಧ್ಯವಲ್ಲವೆಂಬುದಕ್ಕೆ ಮಾತ್ರ ಇವು ಸಾಕ್ಷಿ.

ಸರ್ವೋಚ್ಚ ನ್ಯಾಯಾಲಯವು 2012ರ ಫೆಬ್ರುವರಿ 27ರಂದು ದೀಪಕ್ ಕುಮಾರ್ ಮತ್ತು ಹರಿಯಾಣ ಸರ್ಕಾರದ ನಡುವಣ ಪ್ರಕರಣದಲ್ಲಿ, ಐದು ಹೆಕ್ಟೇರಿಗಿಂತ ಚಿಕ್ಕದಾದ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಅಗತ್ಯವೆಂದು ಹೇಳಿತು. ಗುತ್ತಿಗೆಗಳನ್ನು ತುಂಡುತುಂಡಾಗಿಸಿ ಪರಿಶೀಲನೆಯಿಂದ ತಪ್ಪಿಸಿಕೊಳ್ಳುವ ದಾರಿ ಇದರಿಂದ ಮುಚ್ಚಿತು. ಕೇಂದ್ರ ಪರಿಸರ ಸಚಿವಾಲಯವು 2016ರಲ್ಲಿ ಸುಸ್ಥಿರ ಮರಳು ಗಣಿಗಾರಿಕೆಯ ಮಾರ್ಗಸೂಚಿಗಳನ್ನೂ 2020ರಲ್ಲಿ ಅವುಗಳ ಅನುಷ್ಠಾನ ಮತ್ತು ಮೇಲ್ವಿಚಾರಣೆಯ ಮಾರ್ಗಸೂಚಿಗಳನ್ನೂ ಹೊರಡಿಸಿತು. ಇವು ಮರಳಿನ ಮರುಭರ್ತಿಯ ಅಧ್ಯಯನಕ್ಕೆ ಮಹತ್ವ ಕೊಟ್ಟಿರುವುದು ಸ್ವಾಗತಾರ್ಹ. ಆದರೆ ಮೂರು ಮೀಟರ್ ಆಳ ಅಥವಾ ನೀರಿನ ಮಟ್ಟ ಇವೆರಡರಲ್ಲಿ ಯಾವುದು ಮೊದಲು ಸಿಗುತ್ತದೋ ಅಲ್ಲಿಯವರೆಗೆ ಎಂಬ ಮಿತಿ ದೊಡ್ಡ ನದಿಗಳಿಗೆ ಹೊಂದಿಕೊಂಡರೂ, ಒಟ್ಟು ಮರಳೇ ಎರಡು ಮೀಟರಿರುವ ಹಳ್ಳಕ್ಕೆ ರಕ್ಷಣೆ ಕೊಡಲಾರದು. ನೀರಿನ ಮಟ್ಟ ಕುಸಿದ ಬೇಸಿಗೆಯಲ್ಲಿ, ಅಂದರೆ ಒರತೆ ಹೆಚ್ಚು ಬೇಕಾದ ಕಾಲದಲ್ಲಿಯೇ, ಹೆಚ್ಚು ಆಳಕ್ಕೆ ಹೋಗಲು ಆ ಮಿತಿ ಎಡೆಮಾಡುತ್ತದೆ.

ಕರ್ನಾಟಕದ 2020ರ ಮರಳು ನೀತಿಯು ಚಿಕ್ಕ ಹಳ್ಳತೊರೆಗಳ ಮರಳನ್ನು ಸ್ಥಳೀಯ ಬಳಕೆಗೆ ಒದಗಿಸುವ ಹೊಣೆಯನ್ನು ಗ್ರಾಮ ಪಂಚಾಯಿತಿಗಳಿಗೆ ವಹಿಸಿತು. ಊರಿನ ಮನೆಗೆ ಊರಿನ ಮರಳು ಅಗ್ಗವಾಗಿ ಸಿಗಬೇಕೆಂಬ ಆಶಯ ಒಳ್ಳೆಯದೇ. ಆದರೆ ಊರಿಗೆ ನೀರು ಕೊಡಬೇಕಾದ ಸಂಸ್ಥೆಯೇ ನೀರಿನ ನೆಲೆಯನ್ನು ಮಾರುವ ಸಂಸ್ಥೆಯೂ ಆಗುವ ಇಕ್ಕಟ್ಟು ಇದರಲ್ಲಿದೆ. ಗ್ರಾಮಸಭೆಯ ಮಾತಿಗೆ ಕಾನೂನಿನ ಬಲ ಎಷ್ಟೆಂಬುದೂ ವಿಚಾರಾರ್ಹ. 1996ರ ಪೇಸಾ ಕಾಯಿದೆಯು ಉಪಖನಿಜ ಗುತ್ತಿಗೆಗೆ ಗ್ರಾಮಸಭೆಯ ಅಥವಾ ಸೂಕ್ತ ಹಂತದ ಪಂಚಾಯಿತಿಯ ಪೂರ್ವ ಶಿಫಾರಸನ್ನು ಕಡ್ಡಾಯ ಮಾಡಿರುವುದು ಅನುಸೂಚಿತ ಪ್ರದೇಶಗಳಲ್ಲಿ ಮಾತ್ರ. ಕರ್ನಾಟಕದಲ್ಲಿ ಅಂಥ ಪ್ರದೇಶಗಳಿಲ್ಲದಿರುವುದರಿಂದ ಇಲ್ಲಿನ ಹಳ್ಳಿಗಳಿಗೆ ಆ ರಕ್ಷಣೆ ದೊರೆಯುವುದಿಲ್ಲ.

7. ಪರ್ಯಾಯಗಳು ಮತ್ತು ಅವುಗಳ ಮಿತಿ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿ ಬಳಕೆಯಾಗುತ್ತಿದೆ. ಇಷ್ಟು ಬೇಡಿಕೆಯನ್ನು ಬರಿಯ ನಿಷೇಧದಿಂದ ತಡೆಯಲಾಗದು. ಕಲ್ಲನ್ನು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಇಂದು ಕರ್ನಾಟಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. 2016ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ 383 ಇದಕ್ಕೆ ಮಾನ್ಯತೆ ನೀಡಿದೆ. ಹೊಳೆಗಳ ಮೇಲಿನ ಭಾರವನ್ನು ಇದು ತಗ್ಗಿಸಿದೆಯೆಂಬುದು ನಿಜ. ಆದರೆ ಆ ಭಾರ ಬೆಟ್ಟಗಳಿಗೆ ವರ್ಗಾವಣೆಯಾಗಿದೆ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ, ಈ ಎರಡು ಕಡೆ ಕಲ್ಲುಗಣಿಗಾರಿಕೆಗೆ ಸಂಬಂಧಿಸಿದ ಸ್ಫೋಟಕಗಳಿಂದ ಸಂಭವಿಸಿದ ಸಾವುಗಳು ಈ ಪರ್ಯಾಯದ ಬೆಲೆಯನ್ನು ನೆನಪಿಸುತ್ತವೆ.

ಎಲ್ಲ ಮರಳನ್ನೂ ಒಂದೇ ದೃಷ್ಟಿಯಿಂದ ನೋಡಬೇಕಾಗಿಯೂ ಇಲ್ಲ. ಕರಾವಳಿಯ ಅಳಿವೆಗಳಲ್ಲಿ ದೋಣಿಗಳಿಗೆ ಅಡ್ಡಿಯಾಗುವ ಮರಳುದಿಬ್ಬಗಳನ್ನು ಸಾಂಪ್ರದಾಯಿಕ ಸಮುದಾಯಗಳು ಕೈಕೆಲಸದಿಂದ ತೆರವುಗೊಳಿಸುವುದು ಬೇರೆ. ಬಯಲುಸೀಮೆಯ ಬತ್ತಿದ ಹಳ್ಳವನ್ನು ಯಂತ್ರದಿಂದ ಬರಿದುಮಾಡುವುದು ಬೇರೆ. ಈ ವಿವೇಚನೆಯಿಂದ ಕೆಲವು ಕ್ರಮಗಳು ಅಪೇಕ್ಷಣೀಯವೆನಿಸುತ್ತವೆ. ಮಳೆ ಕಡಿಮೆಯ ತಾಲ್ಲೂಕುಗಳ ಹಳ್ಳಗಳಲ್ಲಿ ಒರತೆ, ತಲಪರಿಗೆಗಳಿದ್ದ ಸ್ಥಳಗಳನ್ನು ಊರಿನ ಹಿರಿಯರ ನೆರವಿನಿಂದ ಗುರುತಿಸಿ, ಆಯಾ ಜಿಲ್ಲೆಯ ಮರಳು ಸಮೀಕ್ಷಾ ವರದಿಯಲ್ಲಿ ನೀರಿನ ನೆಲೆಗಳೆಂದು ನಮೂದಿಸಬೇಕು. ಅಂಥ ಕಡೆ ಆಳದ ಮಿತಿಯ ಬದಲು, ಹೊಳೆಯಲ್ಲಿ ಉಳಿಯಲೇಬೇಕಾದ ಮರಳಿನ ಕನಿಷ್ಠ ದಪ್ಪವನ್ನು ನಿಗದಿಪಡಿಸಬೇಕು. ಎಷ್ಟು ತೆಗೆಯಬಹುದು ಎಂಬ ಪ್ರಶ್ನೆಗಿಂತ ಎಷ್ಟು ಉಳಿಯಬೇಕು ಎಂಬ ಪ್ರಶ್ನೆ ಮೊದಲು ಬರಬೇಕು.

8. ಸಮಾರೋಪ

ಮೇಲಿನ ವಿವೇಚನೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಮರಳು ತೆಗೆಯುವಿಕೆಯ ಸಮಸ್ಯೆಯನ್ನು ಸಕ್ರಮ ಅಕ್ರಮಗಳ ಪ್ರಶ್ನೆಯಾಗಿ ಮಾತ್ರ ನೋಡಿದಾಗ ಅದರ ಮುಖ್ಯ ನಷ್ಟ ಕಣ್ಣಿಗೆ ಬೀಳುವುದಿಲ್ಲ. ರಾಜಧನ ಕಟ್ಟಿ ಒಯ್ದ ಮರಳಿನೊಡನೆಯೂ ಒರತೆ ಹೋಗುತ್ತದೆ. ಈ ನಷ್ಟವನ್ನು ಗುರುತಿಸುವ ಪದಗಳು ಹಳ್ಳಿಯ ಭಾಷೆಯಲ್ಲಿದ್ದವು, ಆಡಳಿತದ ಭಾಷೆಗೆ ಅವು ಬರಲಿಲ್ಲ.

ಇದರಲ್ಲಿ ಭಾಷಾಧ್ಯಯನ ಮಾಡುವವರ ಹೊಣೆಯೂ ಇದೆ. ಇಂದಿನ ಕನ್ನಡದಲ್ಲಿ ಚಟುವಟಿಕೆಯಿಂದಿರುವವರನ್ನು ‘ಉತ್ಸಾಹದ ಚಿಲುಮೆ’ ಎನ್ನುತ್ತೇವೆ. ದಯೆಯನ್ನೂ ಪ್ರೀತಿಯನ್ನೂ ಬತ್ತದ ಒರತೆಯೆಂದು ವರ್ಣಿಸುತ್ತೇವೆ. ಹೀಗೆ ಬರೆಯುವ ಓದುವ ಹೊಸ ತಲೆಮಾರಿನ ಹಲವರು ಮರಳಿನಲ್ಲಿ ಊರುವ ನೀರನ್ನು ಕಂಡವರಲ್ಲ. ಪದದ ರೂಪಕಾರ್ಥ ಉಳಿದು ಮೂಲಾರ್ಥ ಅಳಿಯುವುದು ಭಾಷೆಯಲ್ಲಿ ಹೊಸತೇನಲ್ಲ. ಆದರೆ ಇಲ್ಲಿ ಮೂಲಾರ್ಥದೊಡನೆ ಅಳಿಯುತ್ತಿರುವುದು ಊರಿನ ಕುಡಿಯುವ ನೀರು. ತಾಲ್ಲೂಕುಗಳ ಜಲಸಂಬಂಧಿ ಪದಗಳನ್ನು, ಅವು ಬಳಕೆಯಲ್ಲಿದ್ದ ಸ್ಥಳಗಳ ಗುರುತಿನೊಡನೆ, ಅವನ್ನು ಬಳಸಿದ ಹಿರಿಯರು ಇರುವಾಗಲೇ ದಾಖಲಿಸುವುದು ಆಗಬೇಕಾದ ಕೆಲಸ. ಅಂಥ ದಾಖಲೆ ನಿಘಂಟಿಗೆ ಉಪಯುಕ್ತವಾಗುವಷ್ಟೇ, ಹೊಳೆಯ ಯಾವ ಭಾಗವನ್ನು ಮುಟ್ಟಬಾರದೆಂದು ತೀರ್ಮಾನಿಸಬೇಕಾದ ಗ್ರಾಮಸಭೆಗೂ ಉಪಯುಕ್ತವಾದೀತು.